ಬಳಸದೆ ಉಳಿದ ಏಳು ಸಿರಿಂಜ್: ಫ್ಲೋರಿಡಾದ 2011ರ ಒಂದು ಪ್ರಕರಣ

ಹಿಂದೆ ನಮ್ಮ ಊರುಗಳ ಡಾಕ್ಟರ ಶಾಪ್‌ನಲ್ಲಿ ಒಬ್ಬ ಕಾಂಪೌಂಡರ್ ಇರುತ್ತಿದ್ದರು. ಬಾಟಲಿ ನಾವೇ ಮನೆಯಿಂದ ತೊಳೆದು ಒಯ್ಯಬೇಕಿತ್ತು. ಅವರು ಗುಲಾಬಿ ಬಣ್ಣದ ಮಿಕ್ಸ್ಚರ್ ತುಂಬಿಸಿ, ಪಕ್ಕದಲ್ಲಿ ಕಾಗದದ ಪಟ್ಟಿ ಅಂಟಿಸಿ, ಇಷ್ಟಿಷ್ಟು ಹೊತ್ತಿಗೆ ಇಷ್ಟಿಷ್ಟು ಅಂತ ಕೊಡುತ್ತಿದ್ದರು. ಬಾಟಲಿ ಎಷ್ಟು ಚೊಕ್ಕ ಇತ್ತೋ ದೇವರೇ ಬಲ್ಲ. ಆದರೆ ಅದು ಹೊಟ್ಟೆಗೆ ಹೋಗುವ ಔಷಧಿ. ಹೊಟ್ಟೆಯಲ್ಲಿ ಆಮ್ಲ ಇದೆ, ಸಣ್ಣಪುಟ್ಟ ಕೊಳೆಯನ್ನು ಅದು ನೋಡಿಕೊಳ್ಳುತ್ತದೆ.

ಈಗ ಹೇಳಲು ಹೊರಟಿರುವುದೂ ಕಾಂಪೌಂಡರ್ ಕೆಲಸದ ಕಥೆಯೇ. ದೊಡ್ಡ ಬಾಟಲಿಯಿಂದ ಚಿಕ್ಕ ಚಿಕ್ಕ ಪಾಲು ಮಾಡಿ ಕೊಡುವುದು, ಅಷ್ಟೇ. ಒಂದೇ ವ್ಯತ್ಯಾಸ, ಈ ಪಾಲು ಹೋಗುವುದು ಕಣ್ಣಿನ ಒಳಗೆ. ಅಲ್ಲಿ ಆಮ್ಲವೂ ಇಲ್ಲ, ಕಾವಲೂ ಇಲ್ಲ ಅನ್ನುವಷ್ಟು ಕಡಿಮೆ. ರೋಗಿಗಳು ಯಾರು, ಔಷಧಿ ತುಂಬಿಸಿದ ಫಾರ್ಮಸಿ ಯಾವುದು, ಯಾವ ಕ್ಲಿನಿಕ್‌ಗಳು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಕಲಿಯುವುದಕ್ಕೆ ಅವು ಬೇಕಾಗಿಯೂ ಇಲ್ಲ.

ಒಂದು ವಯಲ್‌ನಲ್ಲಿ ಎಷ್ಟು ಕಣ್ಣು?

ಬೆವಾಸಿಜುಮ್ಯಾಬ್ ಅಂತ ಒಂದು ಔಷಧಿ. ಅವಾಸ್ಟಿನ್ ಅಂದರೆ ಜಾಸ್ತಿ ಜನಕ್ಕೆ ಗೊತ್ತಾಗುತ್ತದೆ. ಅಮೆರಿಕದಲ್ಲಿ 2004ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು ದೊಡ್ಡ ಕರುಳಿನ ಕ್ಯಾನ್ಸರ್‌ಗೆ. ಗೆಡ್ಡೆಗೆ ರಕ್ತ ಒದಗಿಸುವ ಹೊಸ ರಕ್ತನಾಳಗಳು ಬೆಳೆಯದಂತೆ ತಡೆಯುವುದು ಅದರ ಕೆಲಸ. ವಯಸ್ಸಾದವರ ರೆಟಿನಾದ (ಕಣ್ಣಿನ ಹಿಂಭಾಗದಲ್ಲಿ ಬೆಳಕು ಹಿಡಿಯುವ ಪರದೆ) ನಡುಭಾಗ ಹಾಳಾಗುವ ಒಂದು ಕಾಯಿಲೆಯಲ್ಲೂ, ಸಕ್ಕರೆ ಕಾಯಿಲೆಯವರ ಕಣ್ಣಿನಲ್ಲೂ ತೊಂದರೆ ಕೊಡುವುದು ಇಂಥ ಬೇಡದ ರಕ್ತನಾಳಗಳೇ. ಹಾಗಿದ್ದರೆ ಇದನ್ನೇ ಕಣ್ಣಿಗೆ ಯಾಕೆ ಕೊಡಬಾರದು ಅಂತ ಯೋಚಿಸಿ, 2005ರಲ್ಲಿ ಕಣ್ಣೊಳಗೆ ಚುಚ್ಚಿ ನೋಡಿದವರು ಮಯಾಮಿಯ ಬ್ಯಾಸ್ಕಮ್ ಪಾಮರ್ ಕಣ್ಣಾಸ್ಪತ್ರೆಯ ಡಾ. ಫಿಲಿಪ್ ರೋಸೆನ್‌ಫೆಲ್ಡ್ ಮತ್ತು ಅವರ ಜೊತೆಯವರು. ಕೆಲಸ ಮಾಡಿತು. ಸುದ್ದಿ ಬೇಗ ಹಬ್ಬಿತು.

ಮರುವರ್ಷ ಕಣ್ಣಿಗೆಂದೇ ಮಾಡಿದ ಲ್ಯೂಸೆಂಟಿಸ್ ಬಂತು. ಬೆಲೆ ಒಂದು ಚುಚ್ಚುಮದ್ದಿಗೆ ಸುಮಾರು 2000 ಡಾಲರ್. ಅವಾಸ್ಟಿನ್ ಪಾಲು ಮಾಡಿ ಕೊಟ್ಟರೆ ಸುಮಾರು 50 ಡಾಲರ್. ಇಂಥ ಚುಚ್ಚುಮದ್ದು ಒಮ್ಮೆ ತೆಗೆದುಕೊಂಡರೆ ಮುಗಿಯುವುದಿಲ್ಲ, ಹಲವರಿಗೆ ತಿಂಗಳು ತಿಂಗಳು ಬೇಕು, ವರ್ಷಗಟ್ಟಲೆ ಬೇಕು. ಲೆಕ್ಕ ಹಾಕಿ ನೋಡಿ. 2011ರ ಮೇ ತಿಂಗಳಲ್ಲಿ ಕ್ಯಾಟ್ ಅನ್ನುವ ದೊಡ್ಡ ಅಧ್ಯಯನದ ಮೊದಲ ವರ್ಷದ ಫಲಿತಾಂಶವೂ ಪ್ರಕಟವಾಯಿತು. ಸುಮಾರು 1200 ರೋಗಿಗಳಲ್ಲಿ ಎರಡನ್ನೂ ಹೋಲಿಸಿದಾಗ ದೃಷ್ಟಿಯ ವಿಷಯದಲ್ಲಿ ಎರಡೂ ಸಮ ಅಂತ ಗೊತ್ತಾಯಿತು. ಅಂದರೆ ಅಗ್ಗದ್ದನ್ನು ಬಳಸುವುದು ಜಿಪುಣತನ ಅನ್ನುವ ಮಾತಿಗೆ ಅವತ್ತೇ ಬೀಗ ಬಿತ್ತು. ನಮ್ಮ ಪ್ರಕರಣ ನಡೆದದ್ದು ಇದಾದ ಎರಡೇ ತಿಂಗಳಿಗೆ.

ಪಾಲು ಮಾಡುವುದು ಅಂದರೆ ಏನು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇಡೀ ಪ್ರಕರಣ ನಿಂತಿರುವುದು ಇದರ ಮೇಲೆ. ಅವಾಸ್ಟಿನ್‌ನ ಚಿಕ್ಕ ವಯಲ್‌ನಲ್ಲಿ, ಅಂದರೆ ರಬ್ಬರ್ ಮುಚ್ಚಳದ ಔಷಧಿ ಬಾಟಲಿಯಲ್ಲಿ, 4 ಮಿಲಿಲೀಟರ್ ದ್ರವ, 100 ಮಿಲಿಗ್ರಾಂ ಔಷಧಿ. ಅದು ಕ್ಯಾನ್ಸರ್ ರೋಗಿಯೊಬ್ಬರ ರಕ್ತನಾಳಕ್ಕೆ ಒಂದೇ ಸಲ ಹೋಗಬೇಕಾದದ್ದು. ಹಾಗಾಗಿ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುವ ಯಾವ ಪ್ರಿಸರ್ವೇಟಿವ್ ಕೂಡ ಅದರಲ್ಲಿ ಇಲ್ಲ. ಕಣ್ಣಿಗೆ ಬೇಕಾದದ್ದು 0.05 ಮಿಲಿಲೀಟರ್, ಒಂದು ಹನಿಯಷ್ಟು. ಬರೀ ಭಾಗಾಕಾರ ಮಾಡಿದರೆ ಒಂದು ವಯಲ್‌ನಿಂದ 80 ಕಣ್ಣು. ಸಿರಿಂಜ್‌ನಲ್ಲಿ ಸ್ವಲ್ಪ ಜಾಸ್ತಿ ತುಂಬಬೇಕು, ಸೂಜಿಯಲ್ಲಿ ಒಂದಷ್ಟು ಉಳಿಯುತ್ತದೆ, ಅದೆಲ್ಲ ಕಳೆದರೂ ಹತ್ತಾರು ಸಿರಿಂಜ್ ಆಗುತ್ತವೆ. ಒಬ್ಬರು ಕುಳಿತು ಆ ರಬ್ಬರ್ ಮುಚ್ಚಳಕ್ಕೆ ಸೂಜಿ ಚುಚ್ಚಿ, ಒಂದೊಂದೇ ಸಿರಿಂಜ್ ತುಂಬಿಸಿ, ಮುಚ್ಚಿ, ಲೇಬಲ್ ಅಂಟಿಸಿ, ತಂಪು ಪೆಟ್ಟಿಗೆಯಲ್ಲಿ ಕ್ಲಿನಿಕ್‌ಗಳಿಗೆ ಕಳಿಸುತ್ತಾರೆ. ಈ ಕೆಲಸ ಮಾಡುವುದು ಕಾಂಪೌಂಡಿಂಗ್ ಫಾರ್ಮಸಿ.

ಇಲ್ಲಿ ಬೇಕಾದ ಶಿಸ್ತು ಕಮ್ಮಿಯದ್ದಲ್ಲ. ಸೋಸಿದ ಗಾಳಿ ಒಂದೇ ದಿಕ್ಕಿಗೆ ಹರಿಯುವ ಹುಡ್, ಮಾಸ್ಕ್, ಟೋಪಿ, ಗೌನು, ಸ್ಟೆರೈಲ್ (ಸೂಕ್ಷ್ಮಜೀವಿ ಒಂದೂ ಇಲ್ಲದ) ಕೈಗವಸು. ಅಮೆರಿಕದಲ್ಲಿ ಇದಕ್ಕೆ ಯುಎಸ್‌ಪಿ 797 ಅನ್ನುವ ಲಿಖಿತ ನಿಯಮವೇ ಇದೆ. ಕಾಗದದ ಮೇಲೆ ಎಲ್ಲ ಸರಿಯಾಗಿತ್ತು.

ಜುಲೈ ತಿಂಗಳು

2011ರ ಜುಲೈನಲ್ಲಿ ದಕ್ಷಿಣ ಫ್ಲೋರಿಡಾದ ಬೇರೆ ಬೇರೆ ಕ್ಲಿನಿಕ್‌ಗಳಲ್ಲಿ ಒಂದಷ್ಟು ರೋಗಿಗಳು ಎಂದಿನ ಹಾಗೆ ಕಣ್ಣಿಗೆ ಚುಚ್ಚುಮದ್ದು ತೆಗೆದುಕೊಂಡು ಮನೆಗೆ ಹೋದರು. ಒಂದರಿಂದ ಆರು ದಿನದೊಳಗೆ, ಒಬ್ಬರಾದ ಮೇಲೆ ಒಬ್ಬರು, ಕಣ್ಣು ಹಿಡಿದುಕೊಂಡು ವಾಪಸ್ ಬಂದರು. ನೋವು, ಕೆಂಪು, ದೃಷ್ಟಿ ಮಬ್ಬು. ಮಬ್ಬು ಅಂದರೆ ಸಣ್ಣ ಮಾತಾಯಿತು. ಕೆಲವರಿಗೆ ಮುಖದ ಮುಂದೆ ಕೈ ಆಡಿಸಿದರೆ ಅಷ್ಟು ಮಾತ್ರ ಗೊತ್ತಾಗುತ್ತಿತ್ತು, ಕೆಲವರಿಗೆ ಬೆಳಕು ಇದೆಯೋ ಇಲ್ಲವೋ ಅನ್ನುವುದಷ್ಟೇ.

ಒಟ್ಟು 12 ಜನ. ಕಾಯಿಲೆಯ ಹೆಸರು ಎಂಡಾಫ್ತಲ್ಮೈಟಿಸ್. ಕಣ್ಣುಗುಡ್ಡೆಯ ಒಳಗಡೆಯೇ ಆಗುವ ಸೋಂಕು. ಕಣ್ಣು ಬಂದಿದೆ ಅಂತ ನಾವು ಹೇಳುತ್ತೇವಲ್ಲ, ಮದ್ರಾಸ್ ಐ, ಅದು ಹೊರಗಿನ ಪೊರೆಯದ್ದು, ವಾರದಲ್ಲಿ ಹೋಗುತ್ತದೆ. ಇದು ಬೇರೆ ಲೋಕ.

ಒಂದು ವಿಷಯ ಇಲ್ಲಿ ಹೇಳಬೇಕು. ಇಂಥ ಚುಚ್ಚುಮದ್ದು ಕೊಟ್ಟ ಮೇಲೆ ಎಂಡಾಫ್ತಲ್ಮೈಟಿಸ್ ಆಗುವುದು ಹೊಸದೇನಲ್ಲ. ಎಲ್ಲ ಸರಿಯಾಗಿ ಮಾಡಿದರೂ ಎರಡು ಮೂರು ಸಾವಿರಕ್ಕೆ ಒಂದು ಅಂತ ಆಗುತ್ತದೆ. ರೋಗಿಯದೇ ರೆಪ್ಪೆಯ ಬ್ಯಾಕ್ಟೀರಿಯಾ ಸೂಜಿಯ ಜೊತೆ ಒಳಗೆ ಹೋಗಿರಬಹುದು. ಹಾಗಾಗಿ ಒಂದು ಕ್ಲಿನಿಕ್‌ನಲ್ಲಿ ಒಬ್ಬರಿಗೆ ಹೀಗಾದರೆ ಡಾಕ್ಟರು ಬೇಜಾರು ಮಾಡಿಕೊಂಡು, ಚಿಕಿತ್ಸೆ ಕೊಟ್ಟು, ಹಣೆಬರಹ ಅಂದುಕೊಂಡು ಮುಂದೆ ಹೋಗುತ್ತಾರೆ. ಈ 12 ಜನ ಬೇರೆ ಬೇರೆ ಕಡೆ ಚುಚ್ಚಿಸಿಕೊಂಡವರು. ಪ್ರತಿಯೊಬ್ಬರೂ ತಮ್ಮ ತಮ್ಮ ಊರಿನ ಡಾಕ್ಟರ ಹತ್ತಿರವೇ ಹೋಗಿದ್ದರೆ ಇದು ಬಿಡಿ ಬಿಡಿ ದುರದೃಷ್ಟವಾಗಿಯೇ ಉಳಿದುಬಿಡುತ್ತಿತ್ತೇನೋ.

ಹಾಗಾಗಲಿಲ್ಲ. 12ರಲ್ಲಿ 9 ಜನ ಬಂದದ್ದು ಒಂದೇ ದೊಡ್ಡ ಕಣ್ಣಾಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ. ಆರು ವರ್ಷದ ಹಿಂದೆ ಈ ಔಷಧಿಯನ್ನು ಮೊದಲು ಕಣ್ಣೊಳಗೆ ಕೊಟ್ಟು ನೋಡಿದ್ದ ಆಸ್ಪತ್ರೆಯ ಡಾಕ್ಟರುಗಳೇ ಈ ಪ್ರಕರಣವನ್ನೂ ದಾಖಲಿಸಿದರು. ನನ್ನ ಮಟ್ಟಿಗೆ ಇಡೀ ಕಥೆಯ ಮೊದಲ ತಿರುವು ಇದೇ. ಒಂದೇ ಬಾಗಿಲಲ್ಲಿ ಇಷ್ಟು ಜನ ನಿಂತಾಗ, ಚುಚ್ಚಿದವರು ಬೇರೆ, ಜಾಗ ಬೇರೆ, ಔಷಧಿ ಮಾತ್ರ ಒಂದೇ, ಅದನ್ನು ತುಂಬಿಸಿದ ಜಾಗವೂ ಒಂದೇ ಅನ್ನುವುದು ಕಾಣಿಸಿತು. ಎಲ್ಲ ಸಿರಿಂಜ್‌ಗಳೂ ಹೋಗಿದ್ದು ಒಂದು ಕಾಂಪೌಂಡಿಂಗ್ ಫಾರ್ಮಸಿಯಿಂದ.

ಏನು ಮಾಡಿದರು

ಚಿಕಿತ್ಸೆ ಪುಸ್ತಕದಲ್ಲಿ ಇರುವ ಹಾಗೇ ನಡೆಯಿತು. ಮೊದಲು ಕಣ್ಣೊಳಗಿನ ಲೋಳೆಯಂಥ ದ್ರವವನ್ನು ಸ್ವಲ್ಪ ಹೀರಿ ಪರೀಕ್ಷೆಗೆ ಕಳಿಸಿ, ಅದೇ ಹೊತ್ತಿನಲ್ಲಿ ಆಂಟಿಬಯೋಟಿಕ್ ಅನ್ನು ನೇರ ಕಣ್ಣೊಳಗೆ ಚುಚ್ಚುವುದು. ಲ್ಯಾಬ್‌ನವರು ಹೆಸರು ಹೇಳುವವರೆಗೆ ಕಾಯುವ ಹಾಗಿಲ್ಲ. ಸಾಮಾನ್ಯವಾಗಿ ವ್ಯಾಂಕೊಮೈಸಿನ್ ಮತ್ತು ಸೆಫ್ಟಾಜಿಡಿಮ್ ಎರಡನ್ನೂ ಕೊಡುತ್ತಾರೆ, ಎರಡು ಬಗೆಯ ಬ್ಯಾಕ್ಟೀರಿಯಾಕ್ಕೂ ಇರಲಿ ಅಂತ. 12 ಜನಕ್ಕೂ ಹೀಗೆ ಹೀರಿ ಚುಚ್ಚುವ ಚಿಕಿತ್ಸೆ ಆಯಿತು. ಅವರಲ್ಲಿ 8 ಜನಕ್ಕೆ ಆಮೇಲೆ ವಿಟ್ರೆಕ್ಟಮಿ, ಅಂದರೆ ಕೀವು ತುಂಬಿದ ಆ ಲೋಳೆಯನ್ನೇ ತೆಗೆದುಹಾಕುವ ಆಪರೇಷನ್.

10 ಜನರ ಕಣ್ಣಿನ ದ್ರವದಲ್ಲಿ ಒಂದೇ ಬ್ಯಾಕ್ಟೀರಿಯಾ ಬೆಳೆಯಿತು: ಸ್ಟ್ರೆಪ್ಟೊಕಾಕಸ್ ಮೈಟಿಸ್ ಅಥವಾ ಓರಾಲಿಸ್. ಇವೆರಡೂ ಒಂದೇ ಬಳಗದವು, ಲ್ಯಾಬ್‌ನಲ್ಲಿ ಬೇರೆ ಮಾಡುವುದೂ ಕಷ್ಟ. ಇದು ಎಲ್ಲಿ ವಾಸ ಮಾಡುತ್ತದೆ ಗೊತ್ತಾ? ನಮ್ಮ ಬಾಯಲ್ಲಿ. ನಿಮ್ಮ ಬಾಯಲ್ಲೂ ಇದೆ, ನನ್ನ ಬಾಯಲ್ಲೂ ಇದೆ. ಹಲ್ಲಿನ ಮೇಲೆ, ಎಂಜಲಿನಲ್ಲಿ, ಯಾರಿಗೂ ತೊಂದರೆ ಕೊಡದೆ ಇರುತ್ತದೆ. ನಮ್ಮಲ್ಲಿ ಎಂಜಲು, ಮುಸುರೆ ಅಂತ ಅಜ್ಜಿಯಂದಿರು ಅಷ್ಟೊಂದು ಗಲಾಟೆ ಮಾಡುತ್ತಿದ್ದಾಗ ನಾವು ನಕ್ಕಿದ್ದೇವೆ. ಅವರ ಕಾರಣ ಬೇರೆ ಇರಬಹುದು, ಆದರೆ ಸ್ಟೆರೈಲ್ ಕೋಣೆಯಲ್ಲಿ ಆ ಗಲಾಟೆ ಬೇಕೇ ಬೇಕು.

ಬಾಯಿಯ ಬ್ಯಾಕ್ಟೀರಿಯಾ ಸಿಕ್ಕಿತು ಅಂದರೆ ಬೆರಳು ತೋರಿಸುವುದು ಯಾರದೋ ಬಾಯಿಯ ಕಡೆಗೆ. ಮಾತು, ಕೆಮ್ಮು, ಸೀನು, ಮೂಗಿನಿಂದ ಕೆಳಗೆ ಜಾರಿದ ಮಾಸ್ಕ್. ಕಣ್ಣಿನ ಚುಚ್ಚುಮದ್ದಿನ ನಂತರದ ಸೋಂಕುಗಳಲ್ಲಿ ಈ ಬಳಗ ಸಿಗುವುದು, ಆಪರೇಷನ್ ನಂತರದ ಸೋಂಕಿಗಿಂತ ಸುಮಾರು ಮೂರು ಪಟ್ಟು ಜಾಸ್ತಿ ಅಂತ ಅದೇ 2011ರಲ್ಲಿ ಪ್ರಕಟವಾದ ಒಂದು ಲೆಕ್ಕಾಚಾರ ತೋರಿಸಿತ್ತು. ಓಟಿಯಲ್ಲಿ, ಅಂದರೆ ಆಪರೇಷನ್ ಥಿಯೇಟರಿನಲ್ಲಿ, ಎಲ್ಲರೂ ಮಾಸ್ಕ್ ಹಾಕುತ್ತಾರೆ, ಚುಚ್ಚುಮದ್ದಿನ ಕೋಣೆಯಲ್ಲಿ ಡಾಕ್ಟರು ಹರಟುತ್ತಾ ಚುಚ್ಚುತ್ತಾರೆ. ಹಾಗಾದರೆ ಈ 12 ಜನದ ಕಣ್ಣಿಗೂ ಬ್ಯಾಕ್ಟೀರಿಯಾ ಬಂದದ್ದು ಚುಚ್ಚಿದವರ ಬಾಯಿಂದಲೇ ಇರಬಹುದಲ್ವಾ? ಫಾರ್ಮಸಿಯ ಮೇಲೆ ಯಾಕೆ ಅನುಮಾನ?

ಈ ಪ್ರಶ್ನೆಗೆ ಉತ್ತರ ಕೊಟ್ಟದ್ದು ಉಳಿದ ಸಿರಿಂಜ್‌ಗಳು. ಅದೇ ಹೊತ್ತಿನಲ್ಲಿ ಅದೇ ಫಾರ್ಮಸಿಯಲ್ಲಿ ತುಂಬಿಸಿದ್ದ, ಇನ್ನೂ ಯಾರಿಗೂ ಚುಚ್ಚದ 7 ಸಿರಿಂಜ್‌ಗಳನ್ನು ಲ್ಯಾಬ್‌ಗೆ ಕೊಟ್ಟರು. ಆ ಏಳರಲ್ಲೂ ಅದೇ ಬ್ಯಾಕ್ಟೀರಿಯಾ ಸಿಕ್ಕಿತು. ಯಾವ ರೋಗಿಯ ರೆಪ್ಪೆಯನ್ನೂ ಮುಟ್ಟದ, ಯಾವ ಡಾಕ್ಟರ ಕೋಣೆಯಲ್ಲೂ ತೆರೆಯದ ಸಿರಿಂಜ್. ವಾದ ಮಾಡಲು ಇನ್ನೇನೂ ಉಳಿಯಲಿಲ್ಲ.

ನಾನು ಈ ಪ್ರಕರಣವನ್ನು ಓದುವಾಗ ಪ್ರತಿ ಸಲ ನಿಲ್ಲುವುದು ಇಲ್ಲಿ. ಯೋಚಿಸಿ, ಮೊದಲ ರೋಗಿ ನರಳುತ್ತಾ ಬಂದಾಗ ಕ್ಲಿನಿಕ್‌ನವರಿಗೆ ಸಹಜವಾಗಿ ಬರುವ ಬುದ್ಧಿ ಏನು? ಆ ಔಷಧಿ ಸರಿ ಇಲ್ಲ, ಎತ್ತಿ ಬಿಸಾಕಿ. ಒಳ್ಳೆಯ ಮನಸ್ಸಿನಿಂದಲೇ ಹಾಗೆ ಮಾಡುತ್ತಾರೆ. ಆಸ್ಪತ್ರೆ ಕಸದ ಕೆಂಪು ಚೀಲಕ್ಕೆ ಹೋಯಿತು ಅಂದರೆ ಸಾಕ್ಷಿಯೂ ಹೋಯಿತು. ಆ ಏಳು ಸಿರಿಂಜ್ ಸಿಕ್ಕದೇ ಹೋಗಿದ್ದರೆ 12 ಕ್ಲಿನಿಕಲ್ ಫೈಲುಗಳು, ಒಂದು ಅನುಮಾನ, ಒಬ್ಬರ ಮೇಲೊಬ್ಬರು ಗೂಬೆ ಕೂರಿಸುವುದು, ಇಷ್ಟೇ ಉಳಿಯುತ್ತಿತ್ತು. ಬಳಸಬಾರದು, ಬಿಸಾಡಲೂಬಾರದು, ಮೊಹರು ಹಾಕಿ, ಲೇಬಲ್ ಸಮೇತ ಫ್ರಿಜ್‌ನಲ್ಲಿ ಬೇರೆ ಇಡಬೇಕು. ಕೇಳಲು ಸಲೀಸು, ಗಾಬರಿಯಲ್ಲಿ ನೆನಪಾಗುವುದು ಕಷ್ಟ.

ಆಗಸ್ಟ್ 30ರಂದು ಅಮೆರಿಕದಲ್ಲಿ ಔಷಧಿಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಹೊರಡಿಸಿತು. ಕನಿಷ್ಠ 12 ರೋಗಿಗಳು, ಎಲ್ಲರ ಔಷಧಿಯೂ ಒಂದೇ ಫಾರ್ಮಸಿಯಿಂದ, ಕೆಲವರಿಗೆ ಆ ಕಣ್ಣಿನಲ್ಲಿ ಉಳಿದಿದ್ದ ದೃಷ್ಟಿಯೂ ಹೋಗಿದೆ ಅಂತ.

ಕೊನೆಗೆ ಆ ಕಣ್ಣುಗಳಿಗೆ ಏನಾಯಿತು

ಒಳ್ಳೆಯದಾಗಲಿಲ್ಲ. ನಾಲ್ಕು ತಿಂಗಳ ಹೊತ್ತಿಗೆ 12ರಲ್ಲಿ 11 ಜನರ ಆ ಕಣ್ಣಿನ ದೃಷ್ಟಿ, ಎದುರಿಗೆ ಹಿಡಿದ ಬೆರಳು ಎಣಿಸುವಷ್ಟು ಅಥವಾ ಅದಕ್ಕಿಂತ ಕಮ್ಮಿ. 3 ಜನರ ಕಣ್ಣುಗುಡ್ಡೆಯನ್ನೋ ಅದರ ಒಳಭಾಗವನ್ನೋ ತೆಗೆಯಬೇಕಾಯಿತು. ಮುಂದಿನ ತಿಂಗಳುಗಳಲ್ಲಿ ಆ ಸಂಖ್ಯೆ ಇನ್ನೂ ಏರಿತು.

ಬ್ಯಾಕ್ಟೀರಿಯಾ ಆಂಟಿಬಯೋಟಿಕ್‌ಗೆ ಸಾಯುತ್ತದೆ, ಡಾಕ್ಟರುಗಳೂ ತಡ ಮಾಡಲಿಲ್ಲ, ಮತ್ತೆ ಯಾಕೆ ಹೀಗೆ? ಸ್ಟ್ರೆಪ್ಟೊಕಾಕಸ್ ಬೇಗ ಬೆಳೆಯುತ್ತದೆ, ಬೆಳೆಯುತ್ತಾ ವಿಷ ಬಿಡುತ್ತದೆ. ರೆಟಿನಾ ಅಂದರೆ ಮಿದುಳಿನದೇ ಒಂದು ತುಣುಕು, ಒಮ್ಮೆ ಸುಟ್ಟರೆ ಮತ್ತೆ ಚಿಗುರುವುದಿಲ್ಲ. ನೀವು ಬೆಂಕಿ ಆರಿಸುವ ಹೊತ್ತಿಗೆ ಮನೆ ಬೂದಿ. ಅದರ ಜೊತೆಗೆ ಇವರಿಗೆ ಸಾಮಾನ್ಯ ಪ್ರಕರಣಗಳ ಹಾಗೆ ಸೂಜಿಯ ತುದಿಯಲ್ಲಿ ನಾಲ್ಕು ಬ್ಯಾಕ್ಟೀರಿಯಾ ಹೋಗಿರಲಿಲ್ಲ. ಔಷಧಿಯಲ್ಲೇ ಅದು ಇತ್ತು.

ಇಲ್ಲಿ ಹೆಪ್ಪು ಹಾಕುವುದನ್ನು ನೆನಪು ಮಾಡಿಕೊಂಡರೆ ವಿಷಯ ಬೇಗ ತಿಳಿಯುತ್ತದೆ. ಒಂದು ಪಾತ್ರೆ ಹಾಲಿಗೆ ಒಂದು ಚಮಚ ಹೆಪ್ಪು, ರಾತ್ರಿ ಕಳೆದರೆ ಪಾತ್ರೆ ಪೂರ್ತಿ ಮೊಸರು. (ಮೊಸರಿನ ಬ್ಯಾಕ್ಟೀರಿಯಾಗಳಲ್ಲೂ ಇದೇ ಸ್ಟ್ರೆಪ್ಟೊಕಾಕಸ್ ಕುಲದ ಒಂದು ಸಾಧು ಜಾತಿ ಇದೆ, ಸುಮ್ನೆ ಹೇಳಿದೆ.) ಆ ಪಾತ್ರೆಯಿಂದ ಹತ್ತು ಲೋಟಕ್ಕೆ ಬಗ್ಗಿಸಿದರೆ ಹತ್ತು ಲೋಟದಲ್ಲೂ ಮೊಸರೇ. ಒಬ್ಬ ಡಾಕ್ಟರು ಒಬ್ಬ ರೋಗಿಗೆ ಚುಚ್ಚುವಾಗ ಕೆಮ್ಮಿದರೆ ಒಂದು ಕಣ್ಣಿಗೆ ಅಪಾಯ. ಪಾಲು ಮಾಡುವವರು ಬ್ಯಾಚ್ ತುಂಬಿಸುವಾಗ ಕೆಮ್ಮಿದರೆ ಆ ಬ್ಯಾಚ್‌ನ ಅಷ್ಟೂ ಕಣ್ಣಿಗೆ ಅಪಾಯ. 2000 ಡಾಲರಿನ ಖರ್ಚು 50ಕ್ಕೆ ಇಳಿದದ್ದು ಹಂಚಿಕೊಂಡದ್ದರಿಂದ, ಆದರೆ ಹಂಚಿಕೊಳ್ಳುವಾಗ ತಪ್ಪು ಕೂಡ ಸಮಪಾಲಿನಲ್ಲಿ ಬರುತ್ತದೆ. ಅಗ್ಗದ ಔಷಧಿಯನ್ನು ದೂರುವುದು ನನಗೆ ಒಪ್ಪಿಗೆ ಇಲ್ಲ. ಉಳಿಸಿದ 1950 ಡಾಲರಿನಲ್ಲಿ ಹತ್ತು ಡಾಲರನ್ನಾದರೂ ಆ ಹಂಚುವ ಕೋಣೆಯ ಮೇಲೆ ಹಾಕಬೇಕಿತ್ತು ಅನ್ನುವುದು ನನ್ನ ದೂರು.

ಪರೀಕ್ಷೆ ಮಾಡಿಯೇ ಕಳಿಸಬಾರದಾ ಅಂತ ಕೇಳಬಹುದು. ಸ್ಟೆರೈಲ್ ಹೌದೋ ಅಲ್ಲವೋ ಅನ್ನುವ ಅಧಿಕೃತ ಪರೀಕ್ಷೆಗೆ 14 ದಿನ ಬೇಕು. ಪ್ರಿಸರ್ವೇಟಿವ್ ಇಲ್ಲದ ಔಷಧಿಯನ್ನು ಸಿರಿಂಜ್‌ನಲ್ಲಿ ಅಷ್ಟು ದಿನ ಇಡುವುದು ಇನ್ನೊಂದು ತಲೆನೋವು. ಬ್ಯಾಚ್‌ನ ಒಂದೆರಡು ಸಿರಿಂಜ್ ಪರೀಕ್ಷಿಸಿದರೆ ಉಳಿದವು ಸರಿ ಇವೆ ಅಂತ ಖಾತ್ರಿಯೂ ಅಲ್ಲ. ಹಾಗಾಗಿ ತುಂಬಿಸುವ ಗಳಿಗೆಯ ಶಿಸ್ತಿಗೆ ಬದಲಿ ಇಲ್ಲ.

ಇದಾಗಿ ವರ್ಷ ತುಂಬುವ ಮೊದಲೇ, 2012ರ ಮಾರ್ಚ್‌ನಲ್ಲಿ, ಕ್ಯಾಲಿಫೋರ್ನಿಯಾದಿಂದ ಇನ್ನೊಂದು ಸುದ್ದಿ ಬಂತು. ರೆಟಿನಾ ಆಪರೇಷನ್ ಮಾಡುವಾಗ ತೆಳ್ಳನೆಯ ಪೊರೆ ಕಾಣಲಿ ಅಂತ ಹಾಕುವ ಬ್ರಿಲಿಯಂಟ್ ಬ್ಲೂ ಅನ್ನುವ ನೀಲಿ ಬಣ್ಣದಲ್ಲಿ ಈ ಸಲ ಇದ್ದದ್ದು ಶಿಲೀಂಧ್ರ, ಬೂಷ್ಟಿನ ಜಾತಿಯದು. ಜೊತೆಗೆ ಟ್ರಯಾಮ್ಸಿನೊಲೋನ್ ಅನ್ನುವ ಸ್ಟೆರಾಯ್ಡ್‌ನಲ್ಲಿ ಇನ್ನೊಂದು ಶಿಲೀಂಧ್ರ. ಎರಡೂ ತಯಾರಾದದ್ದು ಫ್ಲೋರಿಡಾದ ಮತ್ತೊಂದು ಊರಿನ ಒಂದೇ ಕಾಂಪೌಂಡಿಂಗ್ ಫಾರ್ಮಸಿಯಲ್ಲಿ. ಕೊನೆಗೆ ಲೆಕ್ಕ ಸಿಕ್ಕದ್ದು 9 ರಾಜ್ಯಗಳಲ್ಲಿ 47 ಪ್ರಕರಣ. ಶಿಲೀಂಧ್ರ ನಿಧಾನಕ್ಕೆ ಬೆಳೆಯುತ್ತದೆ, ಹಾಗಾಗಿ ಒಂದರಿಂದ ಆರು ದಿನದ ಆ ಸ್ಪಷ್ಟ ಸುಳಿವೂ ಇಲ್ಲಿರಲಿಲ್ಲ. ಅದೇ ವರ್ಷದ ಕೊನೆಗೆ ಬೇರೊಂದು ಕಾಂಪೌಂಡಿಂಗ್ ಫಾರ್ಮಸಿಯ ಬೆನ್ನುಹುರಿ ಹತ್ತಿರ ಕೊಡುವ ಸ್ಟೆರಾಯ್ಡ್‌ನಿಂದ ಶಿಲೀಂಧ್ರದ ಮೆದುಳು ಜ್ವರ ಹಬ್ಬಿ 60ಕ್ಕೂ ಹೆಚ್ಚು ಜನ ಸತ್ತರು. ಕಣ್ಣು ಹೋದಾಗ ಅಲುಗಾಡದ ಕಾನೂನು ಜೀವ ಹೋದಾಗ ಅಲುಗಾಡಿತು. 2013ರ ನವೆಂಬರ್‌ನಲ್ಲಿ ಬಂದ ಹೊಸ ಕಾಯಿದೆ, ದೊಡ್ಡ ಪ್ರಮಾಣದಲ್ಲಿ ಹೀಗೆ ತಯಾರಿಸಿ ಹಂಚುವವರು ಎಫ್‌ಡಿಎಯಲ್ಲಿ ನೋಂದಾಯಿಸಿಕೊಂಡು ಅದರ ತಪಾಸಣೆಗೆ ಒಳಪಡಲು ದಾರಿ ಮಾಡಿತು.

ಇದು ನಮ್ಮಿಂದ ದೂರದ ಮಾತಲ್ಲ

ನಮ್ಮಲ್ಲೂ ಸಕ್ಕರೆ ಕಾಯಿಲೆಯ ಲಕ್ಷಾಂತರ ಕಣ್ಣುಗಳಿವೆ, ನಮ್ಮಲ್ಲೂ ಇದೇ ಔಷಧಿಯನ್ನು ಪಾಲು ಮಾಡಿಯೇ ಕೊಡುತ್ತಾರೆ. ಬೆಂಗಳೂರಿನ ಬಯೋಕಾನ್ 2017ರಲ್ಲಿ ಕ್ಯಾನ್ಸರ್‌ಗೆಂದು ಇದರದೇ ಬಯೋಸಿಮಿಲರ್, ಅಂದರೆ ಇದಕ್ಕೆ ಸಾಟಿಯಾಗಿ ಬೇರೆ ಕಂಪನಿ ಮಾಡುವ ಔಷಧಿ, ತಂದಿತು. ಕಾಂಪೌಂಡಿಂಗ್ ಫಾರ್ಮಸಿ ಅನ್ನುವ ಪ್ರತ್ಯೇಕ ಅಂಗಡಿ ನಮ್ಮಲ್ಲಿ ಅಷ್ಟಾಗಿ ಇಲ್ಲ, ಬಹಳಷ್ಟು ಕಡೆ ಆಸ್ಪತ್ರೆಯ ಓಟಿಯೇ ಆ ಅಂಗಡಿ. ಚುಚ್ಚುಮದ್ದಿನ ದಿನ ಅಂತ ಒಂದು ದಿನ ಇಟ್ಟು, ಒಂದು ವಯಲ್ ತೆರೆದು, ಸಾಲಾಗಿ ಕೊಡುತ್ತಾರೆ. 2016ರ ಜನವರಿಯಲ್ಲಿ ಗುಜರಾತಿನಲ್ಲಿ ಹೀಗೆ ಚುಚ್ಚಿಸಿಕೊಂಡ 15 ಜನರ ಕಣ್ಣಿಗೆ ತೊಂದರೆಯಾದಾಗ ಭಾರತದ ಔಷಧ ನಿಯಂತ್ರಕರು ಕಣ್ಣಿಗೆ ಅವಾಸ್ಟಿನ್ ಬಳಸುವುದನ್ನೇ ನಿಲ್ಲಿಸಿದರು. ಕಣ್ಣಿನ ಡಾಕ್ಟರುಗಳು ಹೋಗಿ, ಇದನ್ನು ನಿಲ್ಲಿಸಿದರೆ ಬಡವರಿಗೆ ಬೇರೆ ದಾರಿ ಇಲ್ಲ ಅಂತ ವಾದಿಸಿದರು. ಮಾರ್ಚ್‌ನಲ್ಲಿ ಆ ತಡೆ ಹೋಯಿತು. ನನಗೆ ಎರಡೂ ಕಡೆಯವರ ಸಂಕಟ ಅರ್ಥವಾಗುತ್ತದೆ, ಆದರೂ ತಡೆ ತೆಗೆದದ್ದೇ ಸರಿ ಅನ್ನಿಸುತ್ತದೆ. ಚುಚ್ಚುಮದ್ದು ಸಿಗದೆ ನಿಧಾನಕ್ಕೆ ಹೋಗುವ ಕಣ್ಣುಗಳನ್ನು ಯಾರೂ ಎಣಿಸುವುದಿಲ್ಲ.

2019ರಲ್ಲಿ ಬೆಂಗಳೂರಿನ ಸರ್ಕಾರಿ ಕಣ್ಣಾಸ್ಪತ್ರೆಯಲ್ಲಿ ಪೊರೆ ಆಪರೇಷನ್ ಆದ ಹಲವರು ದೃಷ್ಟಿ ಕಳೆದುಕೊಂಡದ್ದು ಅನೇಕರಿಗೆ ನೆನಪಿರಬೇಕು. ಅದು ಕಾಂಪೌಂಡಿಂಗ್ ಪ್ರಕರಣ ಅಲ್ಲ, ಆದರೆ ಅಲ್ಲೂ ಅನುಮಾನ ಹೋದದ್ದು ಎಲ್ಲರ ಕಣ್ಣಿಗೂ ಹಾಕಿದ ಒಂದೇ ಬಗೆಯ ಜೆಲ್ ಮೇಲೆ. ಒಂದೇ ದಿನ, ಒಂದೇ ಸಾಮಾನು, ಹಲವು ಕಣ್ಣು.

ಈ ಕೆಲಸದಲ್ಲಿ ಇರುವವರಿಗೆ ಫ್ಲೋರಿಡಾದ ಪ್ರಕರಣದಿಂದ ಎತ್ತಿಕೊಳ್ಳಬಹುದಾದ ರೂಢಿಗಳು ಸಣ್ಣವು, ಖರ್ಚೂ ಇಲ್ಲ. ತುಂಬಿಸುವಾಗ ಮಾಸ್ಕ್ ಹಾಕಿ, ಬಾಯಿ ಮುಚ್ಚಿ. ಮಾತಾಡಲೇಬೇಕಾದರೆ ಕೈ ಕೆಳಗಿಟ್ಟು, ಆಚೆ ತಿರುಗಿ. ನೆಗಡಿ ಇದ್ದವರು ಅವತ್ತು ಬೇರೆ ಕೆಲಸ ಮಾಡಲಿ. ಒಬ್ಬರೇ ರೋಗಿಗೆ ಒಂದೇ ದಿನ ಎರಡೂ ಕಣ್ಣಿಗೆ ಕೊಡಬೇಕಾಗಿ ಬಂದರೆ ಎರಡು ಬೇರೆ ಬ್ಯಾಚ್‌ನಿಂದ ಕೊಡಿ. ಈ 12 ಜನರಲ್ಲಿ ಯಾರಿಗಾದರೂ ಎರಡೂ ಕಣ್ಣಿಗೆ ಅದೇ ಬ್ಯಾಚ್ ಹೋಗಿದ್ದರೆ ಅಂತ ಒಂದು ಕ್ಷಣ ಯೋಚಿಸಿ. ಮತ್ತೆ ರಿಜಿಸ್ಟರ್. ರೋಗಿಯ ಹೆಸರಿನ ಎದುರು ವಯಲ್‌ನ ಬ್ಯಾಚ್ ನಂಬರ್, ಎಷ್ಟನೇ ಸಿರಿಂಜ್, ಯಾರು ತುಂಬಿಸಿದ್ದು, ಎಷ್ಟು ಗಂಟೆಗೆ. ಬಹಳ ಕಡೆ ಈ ಕಾಲಂ ಇರುತ್ತದೆ, ಮೊದಲ ಸಾಲಿನಲ್ಲಿ ನಂಬರ್ ಬರೆದು ಕೆಳಗೆ ಉದ್ದಕ್ಕೂ ಒಂದು ಗೀಟು ಎಳೆದಿರುತ್ತಾರೆ.

ರೋಗಿಗೂ ಒಂದು ಮಾತು ಹೇಳಿ ಕಳಿಸಬೇಕು. ಚುಚ್ಚಿಸಿಕೊಂಡ ಮೇಲೆ ಸ್ವಲ್ಪ ಕಿರಿಕಿರಿ, ಕೆಂಪು ಚುಕ್ಕೆ ಮಾಮೂಲು. ನೋವು ಜಾಸ್ತಿಯಾಗುತ್ತಾ ಹೋದರೆ, ದೃಷ್ಟಿ ಕಮ್ಮಿಯಾಗುತ್ತಾ ಹೋದರೆ, ಅದು ಭಾನುವಾರ ಆಗಲಿ, ಹಬ್ಬ ಆಗಲಿ, ರಾತ್ರಿ ಆಗಲಿ, ಬರಬೇಕು. ಬೆಳಗ್ಗೆ ನೋಡೋಣ ಅನ್ನುವ ಹಾಗಿಲ್ಲ. ಹಳ್ಳಿಯಿಂದ ಬಂದ ಅಜ್ಜನಿಗೆ ಇದನ್ನು ಹೇಳಿದರೆ ಸಾಲದು, ಜೊತೆಗೆ ಬಂದ ಮಗನಿಗೋ ಸೊಸೆಗೋ ಹೇಳಬೇಕು. ಚೀಟಿಯಲ್ಲಿ ಫೋನ್ ನಂಬರ್ ಬರೆದುಕೊಡಬೇಕು, ರಾತ್ರಿ ಎತ್ತುವ ನಂಬರ್.